ನೀರಿಗೆ ತಡೆಯದ ಡಬ್ಬಿ

“ಇದು ನೀರಾಗ ಎಷ್ಟೊತ್ತು ತಡೀತೈತ್ರಿ, ಮೇಡಂ?”

ಜಮಖಂಡಿಯ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಬಂದ ಹೆಂಗಸೊಬ್ಬರು ಮೇಜಿನ ಮೇಲಿದ್ದ ಮುಚ್ಚಳದ ಡಬ್ಬಿಯನ್ನೇ ನೋಡುತ್ತ ಕೇಳಿದರು. ನನಗೆ ನಾಚಿಕೆಯಾಯಿತು. ಮಗ್ಗದ ಹತ್ತಿ ನೂಲಿನ ಕಸವನ್ನು ಅರೆದು, ಪ್ಲಾಸ್ಟಿಕ್ಕಿನಂತೆ ಅಚ್ಚಿಗೆ ಒತ್ತಿ ನಾನು ಮಾಡಿದ್ದ ಆ ಡಬ್ಬಿಯ ದೊಡ್ಡ ದೋಷವೇ ಅದು.

“ತಡಿಯೂದಿಲ್ರಿ. ಮೆತ್ತಗಾಗಿ ಬಿಚ್ಚಿಕೊಂಡು ಹೋಗತೈತಿ.”

“ಹಂಗಾದ್ರ ಇದನ್ನ ನನಗ ಕೊಡ್ರಿ.”

ಆಗ ಗುರುತು ಹತ್ತಿತು. ನೂಲಿನ ಕಸದಿಂದ ಡಬ್ಬಿ ಮಾಡುತ್ತೇನೆಂದು ನಾನು ಹೇಳಿದಾಗ ನಕ್ಕು, ಕಸವನ್ನು ಚೀಲ ತುಂಬಿ ಕೊಟ್ಟಿದ್ದ ಬನಹಟ್ಟಿಯ ನೇಕಾರರೊಬ್ಬರ ಹೆಂಡತಿ ಇವರು. ಹಣೆಯಲ್ಲಿ ಕುಂಕುಮವಿರಲಿಲ್ಲ. ಗಂಡ ತೀರಿಕೊಂಡು ಕೆಲವೇ ದಿನಗಳಾಗಿದ್ದವು. ಮರುದಿನ ಹಿಪ್ಪರಗಿಯಲ್ಲಿ ಅಸ್ಥಿಯನ್ನು ಈ ಡಬ್ಬಿಯಲ್ಲಿಟ್ಟು ಹೊಳೆಗೆ ಬಿಡಬೇಕು ಎಂದರು. ಅದಕ್ಕೆ ಮಣ್ಣಿನ ಗಡಿಗೆ ಇರುತ್ತದಲ್ಲ ಎಂದೆ.

“ಗಡಿಗಿ ಎಲ್ಲಾ ಕಡೆ ಸಿಗತೈತ್ರಿ. ಇದು ಅವರ ಮಗ್ಗದ ನೂಲಲ್ರೀ? ಅವರ ಕೂಡ ಹೋಗ್ಲಿ.”

ಡಬ್ಬಿಯ ಧೂಳು ಒರೆಸಿ ಕೊಟ್ಟೆ. ಅವರು ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಎದೆಗೆ ಒತ್ತಿ ಹಿಡಿದು ಬಸ್ ನಿಲ್ದಾಣದ ಕಡೆ ನಡೆದರು.

ಪೇಟೆಯಲ್ಲಿ ಮಾರಾಟವಾಗಬೇಕೆಂದರೆ ಡಬ್ಬಿ ನೀರಿಗೆ ತಡೆಯಲೇಬೇಕು. ಆ ಕೆಲಸ ಇನ್ನೂ ನಡೆದಿದೆ. ದಿನವೂ ಹೊಸ ಡಬ್ಬಿಯೊಂದನ್ನು ನೀರಿನಲ್ಲಿಟ್ಟು ನೋಡುತ್ತೇನೆ. ಆದರೆ ಅದು ಎಳೆ ಎಳೆಯಾಗಿ ಬಿಚ್ಚಿಕೊಳ್ಳುವಾಗ, ಮೊದಲಿನ ಹಾಗೆ ‘ವಿಫಲ’ ಎಂದು ಬರೆಯಲು ಕೈ ಏಳುವುದಿಲ್ಲ.