ಹೊಳೆಗೆ ತೌಡು ಚೆಲ್ಲುವವರು

ಹೆಲ್ತ್ ಇನ್‌ಸ್ಪೆಕ್ಟರ್ ಶಿವನಂಜಪ್ಪನವರಿಗೆ ಯಾವ ನೀರು ಕಂಡರೂ ಅದು ಮುಂದೆ ಎಲ್ಲಿಗೆ ಹೋಗುತ್ತದೆಂಬುದೇ ಚಿಂತೆ. ನೆಂಟರ ಮನೆಯಲ್ಲಿ ಕೈ ತೊಳೆದರೂ "ಈ ಬಚ್ಚಲ ನೀರು ಎಲ್ಲಿ ಸೇರ್ತದೆ?" ಎಂದು ಹಿತ್ತಿಲಿಗೆ ಹೋಗಿ ನೋಡಿಬರುವರು. ಹನಗೋಡಿನ ಬಳಿ ಲಕ್ಷ್ಮಣತೀರ್ಥ ಹೊಳೆಗೆ ತೌಡು ಚೆಲ್ಲಿ, ಅದು ಯಾವ ಊರಿನ ಹತ್ತಿರ ಬಂದು ನಿಲ್ಲುತ್ತದೆಂದು ದಡದುದ್ದಕ್ಕೂ ಸೈಕಲ್ ತಳ್ಳಿಕೊಂಡು ಹೋಗುವರು; ಅದು ನಿಂತ ಕಡೆ "ಮೇಲಿನ ಊರ್ನೋರ ಕೊಳೆಯೂ ಇಲ್ಲಿಗೇ ಬರೋದು ಕಣ್ರೀ" ಎನ್ನುವರು. ತೌಡು ಹೆಚ್ಚಾಗಿ ಕೂಡುತ್ತಿದ್ದದ್ದು ಅವರದೇ ಊರಿನ ಹೊಳೆಮೆಟ್ಟಿಲಲ್ಲಿ. ಮೇಲಿನ ಊರಿಗೆ ಕಾಲರಾ ಬಂದಾಗ ಅವರು ಆ ಮೆಟ್ಟಿಲಿಗೆ ಅಡ್ಡ ನಿಂತರು. ಮೊದಲು ಬಂದವರು ಅವರ ತಾಯಿ ನೀಲಾಂಬಿಕೆ. "ಗಂಗಮ್ಮನ್ಗೂ ಮೈಲಿಗೆಯೇನ್ಲಾ?" ಎಂದು ಪೂಜೆಗೆ ಕೊಡ ತುಂಬಿಯೇಬಿಟ್ಟರು. ಮಗ ಅದನ್ನು ಕಸಿದು ನೆಲಕ್ಕೆ ಸುರಿದರು. ಆ ಊರಿನಲ್ಲಿ ಕಾಲರಾದಿಂದ ಯಾರೂ ಸಾಯಲಿಲ್ಲ; ತಾಯಿ ಮಾತ್ರ ಅಂದಿನಿಂದ ಮಗನೊಡನೆ ಮಾತು ಬಿಟ್ಟರು. ಶಿವನಂಜಪ್ಪನವರು ದಿನಾ ಬೆಳಿಗ್ಗೆ ಬಾವಿಯಿಂದ ನೀರು ಸೇದಿ ದೇವರ ಮುಂದಿಟ್ಟು ಕೆಲಸಕ್ಕೆ ಹೋಗುತ್ತಾರೆ. ಆಕೆ ಅದೇ ನೀರಿನಲ್ಲಿ ಲಿಂಗಪೂಜೆ ಮಾಡುತ್ತಾರೆ.