ಕಾಪುವಿನ ಗಾಳಿಗೆ ಬೆವರಿದ ಕೇಕು

ಕಳೆದ ವಾರ ಮಣಿಪಾಲದಲ್ಲಿ ನಾನಿರುವ ಹಾಸ್ಟೆಲಿನ ಎದುರಿನ ಕಟ್ಟಡಕ್ಕೆ ಸುಣ್ಣ ಹೊಡೆಯುವವರು ಬಂದಿದ್ದರು. ಬೆಳಿಗ್ಗೆ ಅಂಗಳದಲ್ಲಿ ಹಳೆಯ ಡ್ರಮ್ಮಿಗೆ ಸುಣ್ಣದ ಕಲ್ಲು ಸುರಿದು ನೀರು ಹಾಕಿದರು. ಅದು ಮೊದಲು ಸುಮ್ಮನಿತ್ತು. ಆಮೇಲೆ ಒಳಗೊಳಗೇ ಕುದಿಯಲು ತೊಡಗಿ, ಮೂಗಿನ ತುದಿಯನ್ನು ಸ್ವಲ್ಪ ಕಚ್ಚುವಂಥ ಒಣ ವಾಸನೆ ನನ್ನ ಕಿಟಕಿಯವರೆಗೂ ಬಂತು. ಈ ವಾಸನೆಯಿಂದ ನಿಮಗೆ ಹಬ್ಬದ ಮೊದಲಿನ ಮನೆಯೋ, ಶಾಲೆಯ ಹೊಸ ಗೋಡೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಕೇಕು. ಹೊಗೆ ಹಿಡಿದ ಹಂಚಿನ ಕೆಳಗೆ, ಗಾಜಿನ ಬಾಗಿಲಿನ ಬೀರುವಿನಲ್ಲಿ, ಹಾಲಿನಷ್ಟು ಬಿಳಿಯಾಗಿ ನಿಂತಿದ್ದ ಮೂರು ಅಂತಸ್ತಿನ ಮದುವೆಯ ಕೇಕು. ಆ ದಿನ ಓದಲು ಕೂತವಳು ಪುಸ್ತಕ ಮುಚ್ಚಿಟ್ಟೆ. ಇದನ್ನು ನಾನು ಯಾರಿಗೂ ಹೇಳಿದವಳಲ್ಲ. ಹೇಳಬೇಕಾದ ಒಬ್ಬಳಿಗೂ ಪೂರ್ತಿಯಾಗಿ ಹೇಳಲಿಲ್ಲ.

ನಮ್ಮದು ಕಾಪುವಿನಲ್ಲಿ ಕಡಲಿಗೆ ತೀರ ಹತ್ತಿರದ ಮನೆ. ಅಲೆಯ ಸದ್ದು ಇಲ್ಲದ ಹೊತ್ತೆಂಬುದು ಅಲ್ಲಿರಲಿಲ್ಲ. ಕಿಟಕಿಯ ಸರಳಿಗೆ ನಾಲಿಗೆ ತಾಗಿಸಿದರೆ ಉಪ್ಪು ರುಚಿ. ಮನೆಯೆಂದರೆ ಅಜ್ಜಿ, ಅಮ್ಮನ ಅಣ್ಣ ದಾನಿ ಮಾಮ, ಅಮ್ಮನ ತಂಗಿ ಸುಮತಿ ಚಿಕ್ಕಮ್ಮ, ಮತ್ತೆ ನಾನು. ನಾನು ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡಿದ್ದರು. ಅಮ್ಮ ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ ಅಮ್ಮನನ್ನು ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ, ನೆಂಟರನ್ನು ನೋಡಿದ ಹಾಗೆ. ನನ್ನ ಜಡೆ ಹೆಣೆದವಳು, ಜ್ವರ ಬಂದರೆ ಹಣೆ ಮುಟ್ಟಿದವಳು, ಮಲಗುವಾಗ ಬೆನ್ನು ತಟ್ಟಿದವಳು ಚಿಕ್ಕಮ್ಮ. ಅವಳು ಮಣಿಪಾಲದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋಗಿ ಸಂಜೆ ಬರುತ್ತಿದ್ದಳು. ಬಂದು ಮುಖ ತೊಳೆದು ಸೀರೆ ಬದಲಿಸಿದ ಮೇಲೆ ಅವಳ ಎರಡನೆಯ ಕೆಲಸ ಶುರುವಾಗುತ್ತಿತ್ತು. ಕ್ರಿಸ್‌ಮಸ್ಸಿಗೆ, ಮಕ್ಕಳ ಮೊದಲ ಹುಟ್ಟುಹಬ್ಬಕ್ಕೆ, ನಮ್ಮ ಚರ್ಚಿನ ಸಭೆಯವರ ಮದುವೆಗಳಿಗೆ ಕೇಕು ಮಾಡಿಕೊಡುವುದು.

ಕೇಕು ಬೇಯಿಸುವುದು ದೊಡ್ಡ ಕೆಲಸವಲ್ಲ ಎನ್ನುತ್ತಿದ್ದಳು. ಮರಳು ತುಂಬಿದ ಕಬ್ಬಿಣದ ಬಾಣಲೆಯಲ್ಲಿ ತಗಡಿನ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಹರಡಿದರೆ ಅದು ತನ್ನಷ್ಟಕ್ಕೆ ಬೇಯುತ್ತದೆ. ಕಷ್ಟವಿದ್ದದ್ದು ಮೇಲಿನ ಹೊದಿಕೆಯಲ್ಲಿ. ಅವಳ ಪುಸ್ತಕದಲ್ಲಿ ಅದಕ್ಕೆ ಫಾಂಡೆಂಟ್ ಎಂದು ಹೆಸರಿತ್ತು. ನಮ್ಮ ಮನೆಯಲ್ಲಿ ಅದು ಸಕ್ಕರೆಯ ಕಣಕ. ಜೆಲಟಿನ್ ಕರಗಿಸಿ, ಔಷಧಿ ಅಂಗಡಿಯಿಂದ ತಂದ ಗ್ಲಿಸರಿನ್ ಕೆಲವು ಹನಿ ಹಾಕಿ, ನುಣ್ಣನೆಯ ಸಕ್ಕರೆ ಪುಡಿಗೆ ಕಲಸಿ, ಕಿವಿಯ ಹಾಲೆಯಷ್ಟು ಮೆದುವಾಗುವ ತನಕ ನಾದುವುದು. ಸಕ್ಕರೆ ಪುಡಿಯ ಡಬ್ಬಿಗಳನ್ನು ಅಮ್ಮ ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದಳು. ಅದು ಮುಗಿದರೆ ನಾವೇ ಸಕ್ಕರೆ ಬೀಸಿ ಮಾಮನ ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದೆವು. ಚಿಕ್ಕಮ್ಮನ ಅಂಗೈ ಯಾವಾಗಲೂ ತಂಪು; ನನ್ನದು ಬೆವರುವ ಕೈ. ನಾನು ಮುಟ್ಟಿದರೆ ಕಣಕ ಬೆರಳಿಗೆ ಅಂಟುತ್ತಿತ್ತು. ಹೋಗಿ ಮಣ್ಣಿನ ಹೂಜಿಯ ನೀರಿನಲ್ಲಿ ಕೈ ಅದ್ದಿ, ಚೆನ್ನಾಗಿ ಒರೆಸಿ ಬಾ ಎಂದು ಕಳಿಸುತ್ತಿದ್ದಳು. ಮುಟ್ಟಬೇಡ ಎಂದು ಒಮ್ಮೆಯೂ ಹೇಳಲಿಲ್ಲ.

ಡಿಸೆಂಬರಿನಲ್ಲಿ ಬೆಳಿಗ್ಗೆ ಬೀಸುವ ಒಣಗಾಳಿಗೆ ಆ ಕಣಕ ಹಿಮ್ಮಡಿಯ ಚರ್ಮದಂತೆ ಬಿರಿಯುತ್ತಿತ್ತು. ಆಗ ಇನ್ನೆರಡು ಹನಿ ಗ್ಲಿಸರಿನ್ ಹಾಕಿ ಮತ್ತೆ ನಾದಬೇಕು. ಒಳಗೆ ಗಾಳಿ ಸಿಕ್ಕಿ ಗುಳ್ಳೆ ಎದ್ದರೆ ಸೂಜಿಯ ಮೊನೆಯಿಂದ ಚುಚ್ಚಿ, ಬೆರಳ ತುದಿಯಿಂದ ಸವರಬೇಕು. ಹರಿದರೆ ಎಳೆಯಬಾರದು, ಅದೇ ಕಣಕವನ್ನು ನೀರಿನಲ್ಲಿ ತೆಳ್ಳಗೆ ಮಾಡಿ ತುಂಬಬೇಕು. ಇವೆಲ್ಲಕ್ಕೂ ಅವಳಲ್ಲಿ ಉಪಾಯವಿತ್ತು. ಉಪಾಯವಿಲ್ಲದೆ ಹೋದದ್ದು ಮೇ ತಿಂಗಳ ಕಡಲಿನ ಗಾಳಿಗೆ. ಆ ತೇವಕ್ಕೆ ಸಕ್ಕರೆ ಬೆವರಿ, ಮೈಯೆಲ್ಲ ಹೊಳೆದು, ಆಮೇಲೆ ಮೆಲ್ಲಗೆ ಕೆಳಗೆ ಜಾರಿ ಬುಡದಲ್ಲಿ ಗುಡ್ಡೆ ಸೇರುತ್ತಿತ್ತು. ಕೊನೆಗೆ ಅದಕ್ಕೂ ಅವಳು ತನ್ನ ಪ್ರಯೋಗಶಾಲೆಯಿಂದ ಒಂದು ದಾರಿ ಕಂಡುಕೊಂಡಳು. ತೇವ ತಾಗಬಾರದ ಪುಡಿಗಳನ್ನು ಅಲ್ಲಿ ನೀರು ಹೀರುವ ವಸ್ತುವಿನ ಜೊತೆ ಗಾಜಿನ ಜಾಡಿಯಲ್ಲಿ ಮುಚ್ಚಿಡುತ್ತಿದ್ದರಂತೆ. ಚಿಕ್ಕಮ್ಮ ಅಜ್ಜನ ಪುಸ್ತಕದ ಬೀರು ಖಾಲಿ ಮಾಡಿಸಿ, ಬಾಗಿಲ ಸಂದುಗಳಿಗೆ ಬಟ್ಟೆ ತುರುಕಿ, ಅದರ ಪ್ರತಿ ಹಲಗೆಯ ಮೇಲೂ ಒಂದು ಬೋಗುಣಿ ಸುಡುಸುಣ್ಣದ ಕಲ್ಲು ಇಟ್ಟಳು. ಚಿಪ್ಪು ಸುಟ್ಟು ಮಾಡಿದ, ನೀರು ಮುಟ್ಟದ ಸುಣ್ಣ. ತಿನ್ನುವ ವಸ್ತುವಿನ ಪಕ್ಕದಲ್ಲಿ ಗೋಡೆಗೆ ಹಚ್ಚುವುದನ್ನು ಇಡುವುದೇ ಎಂದು ಅಜ್ಜಿ ಒಂದು ವಾರ ಗೊಣಗಿದಳು. ಆದರೆ ಕೇಕು ಬೆವರಲಿಲ್ಲ.

ನನಗೆ ಒಂಬತ್ತು ವರ್ಷವಾದಾಗ ಚಿಕ್ಕಮ್ಮನಿಗೆ ಮದುವೆ ನಿಶ್ಚಯವಾಯಿತು. ಅವಳಿಗೆ ಮೂವತ್ತೆರಡು. ಹುಡುಗ ಕಾರ್ಕಳದಲ್ಲಿ ಶಾಲಾ ಮಾಸ್ತರರು, ಒಳ್ಳೆಯ ಜನ. ಮನೆಯಲ್ಲಿ ಎಲ್ಲರ ಭುಜದಿಂದ ಏನೋ ಇಳಿದಂತಾಯಿತು. ಅಜ್ಜಿ ಕೂತಲ್ಲಿ ನಿಂತಲ್ಲಿ ದೇವರಿಗೆ ಸ್ತೋತ್ರ ಹೇಳುತ್ತಿದ್ದಳು. ಅಮ್ಮನಿಗೆ ರಜೆ ಸಿಗಲಿಲ್ಲ, ಎಂಟು ಡಬ್ಬಿ ಸಕ್ಕರೆ ಪುಡಿ ಬಂತು. ಅದರ ಜೊತೆ ಬಂದ ಕಾಗದದಲ್ಲಿ ಜೂನಿನಿಂದ ನನ್ನನ್ನು ಉಡುಪಿಯ ಒಂದು ಹಾಸ್ಟೆಲಿಗೆ ಸೇರಿಸಬೇಕೆಂದು ಬರೆದಿತ್ತು. ಮಾಮ ಅದನ್ನು ಗಟ್ಟಿಯಾಗಿ ಓದಿದರು. ಚಿಕ್ಕಮ್ಮ ಅಕ್ಕಿ ಆರಿಸುತ್ತ ಇದ್ದವಳು ಕೈ ನಿಲ್ಲಿಸಿ ನನ್ನತ್ತ ನೋಡಿದಳು. ನಾನು ಎದ್ದು ಬಾವಿಯ ಕಡೆಗೆ ಹೋದೆ.

ಮದುವೆಯ ಕೇಕನ್ನು ತಾನೇ ಮಾಡುತ್ತೇನೆಂದು ಚಿಕ್ಕಮ್ಮ ಹೇಳಿದಾಗ ಅಜ್ಜಿಗೆ ದಿಗಿಲಾಯಿತು.

"ಮದುಮಗಳು ತನ್ನ ಕೇಕು ತಾನೇ ಮಾಡುವುದು ಎಲ್ಲಿಯಾದರೂ ಉಂಟಾ? ನೋಡಿದವರು ಎಂತ ಹೇಳಿಯಾರು?"

"ಚೆಂದ ಉಂಟು ಅಂತ ಹೇಳ್ತಾರೆ ಅಮ್ಮ."

ಮೇ ತಿಂಗಳ ಕೊನೆಯ ಶನಿವಾರ ಮದುವೆ. ಗುರುವಾರ ಮಧ್ಯಾಹ್ನದ ಹೊತ್ತಿಗೆ ಮೂರೂ ಅಂತಸ್ತಿಗೆ ಹೊದಿಕೆ ಹಾಕಿ ಆಗಿತ್ತು. ಒಂದು ಗೆರೆ ಇಲ್ಲ, ಒಂದು ಗುಳ್ಳೆ ಇಲ್ಲ. ಅವಳು ಬೀರುವಿನ ಬಾಗಿಲು ಹಾಕಿ, ಇನ್ನು ಶುಕ್ರವಾರ ಬೆಳಿಗ್ಗೆಯವರೆಗೆ ಯಾರೂ ತೆಗೆಯಬಾರದು ಎಂದು ಹೇಳಿ, ದರ್ಜಿಯ ಹತ್ತಿರ ರವಕೆ ತರಲು ಉಡುಪಿಗೆ ಹೋದಳು. ಅಂಗಳದಲ್ಲಿ ಚಪ್ಪರ ಹಾಕುವವರಿಗೆ ಅಜ್ಜಿ ಮಜ್ಜಿಗೆ ಕೊಡುತ್ತಿದ್ದಳು. ಒಳಗೆ ಯಾರೂ ಇರಲಿಲ್ಲ. ಕೇಕು ಕತ್ತರಿಸದೆ ಮದುವೆ ಆಗುವುದಿಲ್ಲವೆಂದು ನಾನು ನಂಬಿದ್ದೆ. ನೋಡಿದ ಮದುವೆಗಳಲ್ಲೆಲ್ಲ ಜನ ಕಾಯುತ್ತಿದ್ದದ್ದು ಅದಕ್ಕೇ ಅಲ್ಲವೇ? ಬೀರು ತೆರೆದೆ. ಮೂರು ಬೋಗುಣಿಯ ಸುಣ್ಣವನ್ನೂ ಬಚ್ಚಲಿನ ಹಿಂದೆ ತೆಂಗಿನ ಬುಡದ ಕೆಸರಿಗೆ ಸುರಿದೆ. ಅದು ಬುಸುಗುಟ್ಟಿ ಹೊಗೆಯಾಡಿತು. ತಳಕ್ಕೆ ಅಂಟಿದ್ದನ್ನು ಬೆವರಿದ ಬೆರಳಿನಿಂದ ಕೆರೆದು ತೆಗೆದೆ. ಖಾಲಿ ಬೋಗುಣಿಗಳನ್ನು ಇದ್ದಲ್ಲೇ ಇಟ್ಟು, ಬಾಗಿಲನ್ನು ಇಡೀ ಮಧ್ಯಾಹ್ನ ತೆರೆದೇ ಬಿಟ್ಟು, ಚಿಕ್ಕಮ್ಮನ ಬಸ್ಸು ಬರುವ ಹೊತ್ತಿಗೆ ಮುಚ್ಚಿದೆ. ಆ ಹೊತ್ತಿಗೆ ಬೆರಳುಗಳು ಉರಿಯತೊಡಗಿದ್ದವು. ಕತ್ತಲಾಗುವ ಮೊದಲೇ ಮಳೆಯೂ ಹನಿಯಿತು.

ಬೆಳಿಗ್ಗೆ ಬೀರು ತೆರೆದಾಗ ಕೇಕು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಮೇಲಿನ ಅಂಚುಗಳು ಸೀಳಿಹೋಗಿದ್ದವು. ಕೆಳಗಿನ ಅಂತಸ್ತಿನ ಹೊದಿಕೆ ಜಾರಿ ಬುಡದಲ್ಲಿ ಸೊಂಡಿಲಿನ ಹಾಗೆ ಸುರುಳಿ ಸುತ್ತಿತ್ತು. ಅಜ್ಜಿ ಎದೆ ಹಿಡಿದುಕೊಂಡು ಕೂತಳು. ಬೆಕ್ಕು ಬಾಗಿಲು ತೆಗೆದಿರಬೇಕೆಂದಳು, ಚಪ್ಪರದವರ ಕೆಲಸವೆಂದಳು. ಚಿಕ್ಕಮ್ಮ ಬೋಗುಣಿಯೊಂದನ್ನು ಎತ್ತಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ.

"ಸುಣ್ಣ ಇಡಲಿಕ್ಕೆ ನಾನೇ ಮರೆತದ್ದು," ಎಂದಳು.

ಮಾಮ ನಕ್ಕುಬಿಟ್ಟರು. "ಮೈ ಮಾತ್ರ ಇಲ್ಲಿ ಉಂಟು ಮಾರಾಯ್ತಿ, ತಲೆ ಆಗಲೇ ಕಾರ್ಕಳದ ಬಸ್ಸು ಹತ್ತಿ ಆಯ್ತು."

ಮನೆಗೆ ಬಂದಿದ್ದ ನೆಂಟರೆಲ್ಲ ಆ ಮಾತನ್ನು ಹಿಡಿದುಕೊಂಡರು. ದಿನವಿಡೀ ಒಬ್ಬರಲ್ಲ ಒಬ್ಬರು ಅದನ್ನೇ ಹೇಳಿ ನಗುತ್ತಿದ್ದರು. ಕೈಕೆಲಸದಲ್ಲಿ ಒಮ್ಮೆಯೂ ತಪ್ಪದಿದ್ದವಳು ಆ ನಗುವನ್ನು ತಲೆ ತಗ್ಗಿಸಿ ಹೊತ್ತಳು. ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಬೆರಳುಗಳ ಮೇಲೆ ಚೆಂಬಿನಿಂದ ಬಹಳ ಹೊತ್ತು ನೀರು ಹೊಯ್ದು, ತೆಂಗಿನೆಣ್ಣೆ ಸವರಿದಳು. ಯಾಕೆ ಎಂದು ಕೇಳಿದ್ದರೆ ನಾನು ಅಳುತ್ತಿದ್ದೆ.

ಆಮೇಲೆ, ಕೋಣೆಗೆ ಗಾಳಿ ಬರಬಾರದು, ಬಾಗಿಲು ಯಾರೂ ತೆಗೆಯಬೇಡಿ ಎಂದು ಹೊರಗಿನವರಿಗೆ ಹೇಳಿ, ಕಿಟಕಿ ಬಾಗಿಲುಗಳನ್ನೆಲ್ಲ ಹಾಕಿ, ಒಳಗೆ ನನ್ನೊಬ್ಬಳನ್ನೇ ಇಟ್ಟುಕೊಂಡಳು. ಮೂಲೆಯಲ್ಲಿ ಎರಡು ಬಾಣಲೆ ಕೆಂಡ. ಮೇಲಿನ ಗಾಜಿನ ಹಂಚಿನಿಂದ ಇಳಿದ ಬೆಳಕಿನಲ್ಲಿ ಸಕ್ಕರೆಯ ಧೂಳು ತೇಲುತ್ತಿತ್ತು. ಬೆವರಿದ ಕಣಕವನ್ನು ಒರೆಸಬಾರದು, ಒರೆಸಿದರೆ ಕಲೆ ನಿಲ್ಲುತ್ತದೆ, ಒಣಗುವ ತನಕ ಕಾಯಬೇಕು ಎಂದಳು. ನಾವು ಕಾದೆವು. ಉಳಿದಿದ್ದ ಒಂದೂವರೆ ಡಬ್ಬಿ ಪುಡಿಯನ್ನು ನಾನು ಪಂಚೆಯ ತುಂಡಿನಲ್ಲಿ ಸೋಸಿದೆ. ಅದರಲ್ಲಿ ಮೇಲಿನ ಎರಡು ಅಂತಸ್ತಿನ ಸೀಳುಗಳು ತುಂಬಿದವು. ಕೆಳಗಿನದಕ್ಕೆ ಸಾಲಲಿಲ್ಲ. ಅವಳು ಆ ಜಾರಿದ ಹೊದಿಕೆಯನ್ನು ಬಹಳ ಹೊತ್ತು ನೋಡುತ್ತ ಕೂತು, ನಂತರ ಅದನ್ನು ಕೀಳದೆ, ಜಾರಿದ ಕಡೆಯಿಂದಲೇ ಎರಡು ಬೆರಳಲ್ಲಿ ಹಿಡಿದು ಒಂದು ಮಡಿಕೆ ಮಾಡಿದಳು. ಅದರ ಪಕ್ಕದಲ್ಲಿ ಇನ್ನೊಂದು. ಸಂಜೆಯ ಹೊತ್ತಿಗೆ ಕೇಕಿನ ಬುಡದ ಸುತ್ತ ಸೀರೆಯ ನೆರಿಗೆ ಇಳಿದಿತ್ತು. ನಡುನಡುವೆ ಅವಳು ನನ್ನ ಬಾಯಿಗೆ ಕಣಕದ ಚೂರು ಇಡುತ್ತಿದ್ದಳು. ಹಾಸ್ಟೆಲಿನಲ್ಲಿ ಉಗುರು ಕಚ್ಚಬೇಡ, ತಲೆ ಒಣಗದೆ ಮಲಗಬೇಡ ಎಂದು ಒಂದೊಂದಾಗಿ ಹೇಳುತ್ತಿದ್ದಳು. ಹೊರಗೆ ನೆಂಟರ ಗದ್ದಲ. ಮದುವೆಯ ಮುನ್ನಾದಿನ ಮದುಮಗಳು ಎಲ್ಲರಿಗೂ ಸೇರಿದವಳು. ಆ ದಿನ ಮಾತ್ರ ಅವಳು ನನಗೊಬ್ಬಳಿಗೇ ಸಿಕ್ಕಿದಳು, ಅದೂ ನನ್ನ ತಪ್ಪಿನಿಂದ. ಇದನ್ನು ಹೇಗೆ ಇಟ್ಟುಕೊಳ್ಳಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮದುವೆ ನಡೆಯಿತು. ಕಾರ್ಕಳದವರೆಲ್ಲ ನೆರಿಗೆಯ ಕೇಕನ್ನು ಹೊಗಳಿದರು. ಮುಂದಿನ ಬುಧವಾರ ಮಾಮ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಬಂದರು. ಅಜ್ಜಿ ಮೂರು ವರ್ಷದ ನಂತರ ತೀರಿಕೊಂಡಳು. ಮಾಮ ಮನೆ ಮಾರಿ ಪಡುಬಿದ್ರಿಯಲ್ಲಿ ಬಾಡಿಗೆಗೆ ಹೋದರು. ಕೊಂಡವರು ಅದನ್ನು ಕೆಡವಿ ತಾರಸಿ ಕಟ್ಟಿಸಿದ್ದಾರಂತೆ. ನಾನು ನೋಡಲು ಹೋಗಿಲ್ಲ. ಕಾರ್ಕಳದಲ್ಲಿ ಚಿಕ್ಕಮ್ಮ ಕೇಕು ಮಾಡುವುದನ್ನು ಬಿಟ್ಟಳು. ಅತ್ತೆಯ ಆರೈಕೆ, ಮನೆಪಾಠಕ್ಕೆ ಬರುವ ಮಕ್ಕಳು, ಹೀಗೆ ಬಿಡುವಿಲ್ಲವೆಂದು ಕಾಗದದಲ್ಲಿ ಬರೆಯುತ್ತಿದ್ದಳು. ಅವಳಿಗೆ ಮಕ್ಕಳಾಗಲಿಲ್ಲ.

ಎರಡು ವರ್ಷದ ಹಿಂದೆ, ಅವಳನ್ನು ಕೊಂಡೊಯ್ದ ಕಾಯಿಲೆ ಇನ್ನೂ ಯಾರಿಗೂ ಗೊತ್ತಾಗದಿದ್ದಾಗ, ಒಂದು ಭಾನುವಾರ ಮಣಿಪಾಲದಿಂದ ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿದ್ದೆ. ಚಿಕ್ಕಪ್ಪ ಒಳಗೆ ಮಲಗಿದ್ದರು. ನಾವಿಬ್ಬರು ಅಡುಗೆಮನೆಯ ಮೆಟ್ಟಿಲಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಅವಳು ತೆಳ್ಳಗಾಗಿದ್ದಳು, ಬಳೆ ಮೊಣಕೈಯವರೆಗೆ ಸರಿಯುತ್ತಿತ್ತು. ಆ ಸುಣ್ಣದ ವಿಷಯ, ಚಿಕ್ಕಮ್ಮ, ಎಂದು ಶುರು ಮಾಡಿದೆ. ಅವಳು ಮುಂದಿನದಕ್ಕೆ ಕಾಯಲಿಲ್ಲ.

"ಅವತ್ತು ಬೀರು ತೆಗೆದಾಗ ನನಗೆ ಸಿಟ್ಟು ಬರಲಿಲ್ಲ ಮಗಾ. ಮನೆಯಲ್ಲಿ ಎಲ್ಲರಿಗೂ ನನ್ನನ್ನು ಒಮ್ಮೆ ಕಳಿಸಿದರೆ ಸಾಕು ಅಂತ ಆಗಿತ್ತು. ಹೋಗುವುದು ಬೇಡ ಅಂತ ಹೇಳಿದ್ದು ನೀನೊಬ್ಬಳೇ."

ನಾನು ಉಳಿದ ಚಹಾ ಕುಡಿದು ಮುಗಿಸಿದೆ. ಲೋಟ ತೆಗೆದುಕೊಳ್ಳುತ್ತ ಅವಳು, ಇವತ್ತೊಂದು ದಿನ ನಿಂತು ನಾಳೆ ಬೆಳಗ್ಗಿನ ಬಸ್ಸಿಗೆ ಹೋಗಬಹುದಲ್ಲ ಎಂದು ಕೇಳಿದಳು. ನನಗೆ ಪರೀಕ್ಷೆ ಹತ್ತಿರವಿತ್ತು. ಇನ್ನೊಮ್ಮೆ ಬರುತ್ತೇನೆ ಎಂದೆ. ಅವಳು ಸರಿ ಎಂದಳು, ಒತ್ತಾಯ ಮಾಡಲಿಲ್ಲ. ನನ್ನ ಚೀಲ ಹಿಡಿದುಕೊಂಡು ಬಸ್ ನಿಲ್ದಾಣದವರೆಗೂ ಬಂದು, ಕಿಟಕಿಯ ಪಕ್ಕದ ಸೀಟು ನೋಡಿ ಕೂರಿಸಿ, ಬಸ್ಸು ಹೊರಡುವ ತನಕ ಕೆಳಗೆ ನಿಂತಿದ್ದಳು.