ಸತ್ಯಭಾಮೆಯ ಕಿವಿ

ಹಣಮವ್ವನ ಸಿಟ್ಟಿಗೆ ಸದ್ದಿಲ್ಲ. ಉಳಿ ಹಿಡಿದ ಹೆಬ್ಬೆರಳು ಬೆಳ್ಳಗಾಗುತ್ತದೆ, ಅಷ್ಟೇ.

ಮಸಗುಪ್ಪಿಯ ಕುರುಬರ ಮನೆಯ ಮಗಳು ಆಕೆ. ಮದುವೆಯಾಗಿ ಗೋಕಾಕಕ್ಕೆ ಬಂದು, ಆಟಿಕೆ ಮಾಡುವವರ ಬಳಿ ಮೂವತ್ತು ವರ್ಷ ಕಟ್ಟಿಗೆಯ ಮಾವಿನಹಣ್ಣು, ಬಾಳೆಹಣ್ಣು ಕೆತ್ತಿದಳು. ಗಂಡ ಸಿದ್ರಾಯ ಶ್ರೀಕೃಷ್ಣ ಪಾರಿಜಾತದ ಬಯಲಾಟದಲ್ಲಿ ಸತ್ಯಭಾಮೆಯಾಗುತ್ತಿದ್ದ. ಅವನು ತೀರಿಕೊಂಡು ಎರಡು ವರ್ಷ. ಸೀರೆ ಉಟ್ಟು ಮುನಿದು ನಿಂತಿದ್ದ ಒಂದೇ ಒಂದು ಫೋಟೊ ಹೊಳೆ ಏರಿದ ವರ್ಷ ನೀರುಪಾಲಾಗಿತ್ತು.

ಹೋದ ವರ್ಷ ನಾನು ಓದುವ ಘಟಪ್ರಭಾದ ಕಾಲೇಜಿನವರು ಕೆತ್ತನೆ ಕಲಿಸಲು ಆಕೆಯನ್ನು ಕರೆಸಿದರು. ಚಿತ್ರಕಲೆಯ ಬಸವಣ್ಣೆಪ್ಪ ಸರ್ ಒಂದು ದಪ್ಪ ಪುಸ್ತಕ ತೆರೆದು, ಜಪಾನಿನ ಕಬುಕಿ ನಾಟಕದ ನಟರ ಚಿತ್ರಗಳನ್ನು ತೋರಿಸಿದರು. ಒಬ್ಬ ಬರೆಯುತ್ತಾನೆ, ಇನ್ನೊಬ್ಬ ಅದನ್ನು ಹಲಗೆಯಲ್ಲಿ ಕೆತ್ತುತ್ತಾನೆ, ಮತ್ತೊಬ್ಬ ಬಣ್ಣ ಹಚ್ಚಿ ಕಾಗದಕ್ಕೆ ಒತ್ತುತ್ತಾನೆ ಎಂದು ವಿವರಿಸಿದರು. ಹಣಮವ್ವ ಒಂದು ಪುಟದ ಮೇಲೆ ಕೈಯಿಟ್ಟಳು. ಹೂವಿನ ನಿಲುವಂಗಿ ತೊಟ್ಟ ಹೆಂಗಸು.

"ಇದು ಗಂಡಸೈತಿ. ಗದ್ದ ನೋಡವ್ವಾ," ಎಂದು ನನಗೆ ಹೇಳಿದಳು.

ಅಲ್ಲಿಯೂ ಹೆಣ್ಣಿನ ಪಾತ್ರಕ್ಕೆ ಗಂಡಸರೇ ಎಂದು ಸರ್ ಒಪ್ಪಿದರು. ಮೂಲೆಯಲ್ಲಿದ್ದ ಸಣ್ಣ ಮುದ್ರೆ ಯಾರ ಗುರುತು ಎಂದು ಆಕೆ ಕೇಳಿದಾಗ, ಬರೀ ಅಲಂಕಾರ ಎಂದರು.

ಮರುದಿನ, ಹೀಗೆಯೇ ಸಿದ್ರಾಯನದೊಂದು ಚಿತ್ರ ಮಾಡಲೆಂದು, ಆಕೆ ಅವನ ಮುಖ ಹೇಗಿತ್ತೆಂದು ಹೇಳಿದಳು, ಸರ್ ಬರೆದರು. ಬಂದದ್ದು ಕ್ಯಾಲೆಂಡರಿನ ಲಕ್ಷ್ಮಿ. ಹಣಮವ್ವ ಆ ಕಾಗದವನ್ನು ಹಲಗೆಗೆ ಬೋರಲಾಗಿ ಅಂಟಿಸಿ ನಾಲ್ಕು ದಿನ ಕೆತ್ತಿದಳು. ಒತ್ತಿ ತೆಗೆದಾಗ ಲಕ್ಷ್ಮಿ ಎಲ್ಲಿಯೂ ಇರಲಿಲ್ಲ. ಎಡಕ್ಕೆ ಡೊಂಕಾದ ಮೂಗು, ಬಿಗಿದ ಹುಬ್ಬು, ಪೌಡರಿನಡಿ ಚುಕ್ಕಿ ಚುಕ್ಕಿಯಾಗಿ ಚಿಗುರಿದ ಗಡ್ಡ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ನೋಡಿದಳು.

ಕಾಲೇಜಿನ ಪ್ರದರ್ಶನದ ದಿನ ಗೋಡೆಗೆ ತೂಗುಹಾಕಿದ ಆ ಚಿತ್ರದ ಕೆಳಗೆ ಒಂದು ಚೀಟಿ ಇತ್ತು. ಸರ್ ಹೇಳಿದಂತೆ ಟೈಪ್ ಮಾಡಿದವಳು ನಾನೇ. ಬೆಳಗಾವಿಯಿಂದ ಬಂದವರೊಬ್ಬರು ಆ ಗಡ್ಡವನ್ನೇ ಹೊಗಳಿದರು. ಸರ್ ಕೈಮುಗಿದರು. ಅಕ್ಷರ ಬಾರದ ಹಣಮವ್ವ ಚೀಟಿಯಲ್ಲಿ ಏನಿದೆ ಎಂದು ಕೇಳಿದಳು. ನಾನು ಓದಿದೆ: "ಸತ್ಯಭಾಮೆ. ಕಲಾವಿದರು: ಬಸವಣ್ಣೆಪ್ಪ."

"ಸರ, ಆ ಗಡ್ಡ ನೀವ್ ಬರದಿದ್ರೇನ್ರಿ?" ಹಣಮವ್ವ ಕೇಳಿದಳು.

ಅವರು ನಕ್ಕರು. "ಕೂಡಿ ಮಾಡಿದ ಕೆಲಸ ಅಲ್ಲೇನವ್ವಾ? ಜಪಾನಿನ್ಯಾಗೂ ಬರದಾವನ ಹೆಸರ ಇರತೈತಿ. ಕೆತ್ತಿದವ್ರನ್ನ ಯಾರ ಕೇಳ್ತಾರ?"

ನಾನು ಗ್ರಂಥಾಲಯಕ್ಕೆ ಹೋಗಿ ಆ ಪುಸ್ತಕದ ಕೊನೆಯ ಟಿಪ್ಪಣಿಗಳನ್ನು ಹುಡುಕಿದೆ. ಮೂಲೆಯ ಮುದ್ರೆ ಅಲಂಕಾರವಲ್ಲ, ಕೆತ್ತಿದವನ ಹೆಸರು. ಪುಟ ತೆರೆದು ಸರ್ ಮುಂದಿಟ್ಟೆ. ಓದಿದರು, ಮುಚ್ಚಿದರು. ಮುಂದಿನ ಸಲ ನೋಡೋಣ ಎಂದರು. ನಾನು ಹೋಗಿ ಹಣಮವ್ವನಿಗೆ ಹೇಳಿದೆ.

ಆಕೆ ಹಲಗೆ ತರಿಸಿಕೊಂಡಳು. ಮಸಗುಪ್ಪಿಯಲ್ಲಿ ಒಂದೊಂದು ಕುರಿಹಿಂಡಿಗೆ ಒಂದೊಂದು ಕಿವಿಗುರುತು. ಮೇಯುವಲ್ಲಿ ಹಿಂಡುಗಳು ಬೆರೆತರೆ ಕುರಿ ಯಾರದೆಂದು ಕಿವಿ ನೋಡಿ ಹೇಳುತ್ತಾರೆ. ಹಣಮವ್ವನ ಅಪ್ಪನ ಗುರುತು, ಕಿವಿಯ ಅಂಚಿನಲ್ಲಿ ಕತ್ತರಿಸಿದ ಎರಡು ಕಚ್ಚು. ವರಾಂಡದ ನೆಲದ ಮೇಲೆ ಕುಳಿತು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಸತ್ಯಭಾಮೆಯ ಕಿವಿಗೆ ಆಕೆ ಎರಡು ಸಲ ಉಳಿ ಒತ್ತಿದಳು. ಚಿತ್ರ ಕೆಟ್ಟಿತೆಂದು ಸರ್ ಓಡಿ ಬಂದರು. ಆಕೆ ತಲೆ ಎತ್ತಲಿಲ್ಲ.

"ನೀವ್ ಬರದ ಲಕ್ಷ್ಮಿ ಕಿವಿ ನೆಟ್ಟಗಿತ್ತಲ್ರಿ, ಆಕಿನ್ನ ಹಚ್ಚರಿ ಗ್ವಾಡಿಗೆ. ಇದು ನಮ್ಮ ಹಿಂಡಿಂದು."

ಮಸಿ ಸವರಿ ಹೊಸದೊಂದು ಹಾಳೆ ಒತ್ತಿ, ಹಳೆಯದನ್ನು ಇಳಿಸಿ, ಅದೇ ಮೊಳೆಗೆ ತೂಗುಹಾಕಿದಳು. ಹಲಗೆಯನ್ನು ಚೀಲಕ್ಕೆ ಹಾಕಿಕೊಂಡು ಗೋಕಾಕದ ಬಸ್ಸಿಗೆ ನಡೆದಳು. ಗೋಡೆಯ ಚೀಟಿಯನ್ನು ನಾನು ಕಿತ್ತೆ. ಹಸಿ ಮಸಿಯಲ್ಲಿ ಸಿದ್ರಾಯ ಇನ್ನೂ ಮುನಿದೇ ನಿಂತಿದ್ದ, ಕಪ್ಪು ಕಿವಿಯಂಚಿನಲ್ಲಿ ಎರಡು ಬಿಳಿ ಕಚ್ಚು.